ಯಂತ್ರ ಕೊಳ್ಳುವ ಮುನ್ನ ಮೂಲ ಹುಡುಕಿ: ಮಾಲಿನ್ಯಕಾರಕಗಳಿಂದ ಮನೆಮಂದಿಯನ್ನು ಕಾಪಾಡುವ ಬಗೆ

ಪರಿಸರ ಮಾಲಿನ್ಯ ಮತ್ತು ಆರೋಗ್ಯದ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಮೂರು. ಯಾವ ಗಾಳಿ ಶುದ್ಧಕ ಒಳ್ಳೆಯದು? ದೇಹದಲ್ಲಿ ವಿಷ ಸೇರಿದೆಯೇ ಎಂದು ತಿಳಿಯಲು ಯಾವ ಪರೀಕ್ಷೆ ಮಾಡಿಸಬೇಕು? ಸೇರಿದ್ದರೆ ಹೊರಹಾಕುವುದು ಹೇಗೆ? ಮೂರಕ್ಕೂ ಈ ಲೇಖನದಲ್ಲಿ ಉತ್ತರವಿದೆ. ಆದರೆ ಇವುಗಳಿಗಿಂತ ಮೊದಲು ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಮಾಲಿನ್ಯಕಾರಕ ಎಲ್ಲಿಂದ ಹೊರಡುತ್ತಿದೆ, ಯಾವ ದಾರಿಯಲ್ಲಿ ನನ್ನ ಮನೆಯವರನ್ನು ತಲುಪುತ್ತಿದೆ?

ದಾರಿಗಳು ಹೆಚ್ಚಿಲ್ಲ. ಉಸಿರು, ಬಾಯಿ, ಚರ್ಮ. ಗರ್ಭದಲ್ಲಿರುವ ಮಗುವಿಗೆ ತಾಯಿಯ ರಕ್ತ. ಒಂದು ವಸ್ತು ಎಷ್ಟು ಪ್ರಮಾಣದಲ್ಲಿ, ಎಷ್ಟು ಕಾಲ, ಯಾವ ದಾರಿಯಿಂದ ನಿಮ್ಮನ್ನು ಮುಟ್ಟಿತು ಎಂಬ ಲೆಕ್ಕಕ್ಕೆ ತಜ್ಞರು ಒಡ್ಡಿಕೆ ಎನ್ನುತ್ತಾರೆ. ಕೆಳಗಿನ ಎಲ್ಲ ಹಂತಗಳ ಗುರಿ ಈ ಒಡ್ಡಿಕೆಯನ್ನು ತಗ್ಗಿಸುವುದು. ಮೂಲವನ್ನೇ ತೆಗೆಯಲು ಸಾಧ್ಯವಾದರೆ ಅದಕ್ಕೆ ಸಮನಾದ ಉಪಾಯ ಇನ್ನೊಂದಿಲ್ಲ. ಆಗದಿದ್ದರೆ ದಾರಿಯನ್ನು ಮುಚ್ಚಬೇಕು. ಮುಖಗವಸು, ಶುದ್ಧಕ, ಔಷಧ ಇವೆಲ್ಲ ಆಮೇಲಿನ ಮಾತು.

ಶುರು ಮಾಡಲು ಬೇಕಾಗಿರುವುದು ಒಂದು ನೋಟ್‌ಬುಕ್, ಮನೆಯ ಕೋಣೆಗಳ ಒರಟು ನಕ್ಷೆ, ಮತ್ತು ಕೆಲವು ಮಾಹಿತಿ: ಮನೆ ಕಟ್ಟಿದ ವರ್ಷ, ಕುಡಿಯುವ ನೀರು ಬರುವ ಮೂಲ, ಕೊಳವೆ ಯಾವ ಲೋಹದ್ದು, ಮನೆಯಲ್ಲಿ ಯಾರು ಯಾವ ಕೆಲಸಕ್ಕೆ ಹೋಗುತ್ತಾರೆ. ಈಗಲೇ ಯಾವ ಉಪಕರಣವನ್ನೂ ಕೊಳ್ಳಬೇಡಿ.

1. ತುರ್ತಿನದನ್ನು ಮೊದಲು ತಳ್ಳಿಹಾಕಿ

ಹೆಚ್ಚಿನ ಮಾಲಿನ್ಯಕಾರಕಗಳು ವರ್ಷಗಟ್ಟಲೆ ಕಾದು ಹಾನಿ ಮಾಡುತ್ತವೆ. ಕೆಲವು ನಿಮಿಷಗಳಲ್ಲಿ ಕೊಲ್ಲುತ್ತವೆ. ಇವನ್ನು ಪಟ್ಟಿ ಬರೆಯುವ ಮುನ್ನವೇ ನೋಡಿಕೊಳ್ಳಿ.

ಕಾರ್ಬನ್ ಮಾನಾಕ್ಸೈಡ್: ಇದ್ದಿಲು, ಸೌದೆ, ಅನಿಲ, ಪೆಟ್ರೋಲ್ ಯಾವುದೇ ಆಗಲಿ, ಸಾಕಷ್ಟು ಗಾಳಿಯಿಲ್ಲದೆ ಉರಿದಾಗ ಹುಟ್ಟುವ ಅನಿಲವಿದು. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತವೆ, ಜ್ವರ ಇರುವುದಿಲ್ಲ. ಮನೆಯಲ್ಲಿರುವ ಹಲವರಿಗೆ ಒಂದೇ ಹೊತ್ತಿಗೆ ಹೀಗಾಗುತ್ತಿದ್ದು, ಹೊರಗೆ ಹೋದಾಗ ಕಡಿಮೆಯಾಗುತ್ತಿದ್ದರೆ ಇದನ್ನೇ ಶಂಕಿಸಿ. ಮೊದಲು ಎಲ್ಲರೂ ಹೊರಗೆ ಬನ್ನಿ, ಬಳಿಕ ಆಸ್ಪತ್ರೆಗೆ ಹೋಗಿ. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರನ್ನು ಇಲ್ಲಿ ನಂಬಬೇಡಿ. ಕಾರ್ಬನ್ ಮಾನಾಕ್ಸೈಡ್ ಹೊತ್ತ ಹಿಮೋಗ್ಲೋಬಿನ್ನನ್ನೂ ಅದು ಆಮ್ಲಜನಕ ಹೊತ್ತದ್ದೆಂದೇ ಎಣಿಸಿ, ಸಾಯುವ ಸ್ಥಿತಿಯಲ್ಲಿರುವವರಿಗೂ ಸಹಜ ಅಂಕಿ ತೋರಿಸಬಲ್ಲದು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆ ಇಟ್ಟು ಮಲಗುವುದನ್ನು, ಮನೆಯೊಳಗೆ ಜನರೇಟರ್ ಓಡಿಸುವುದನ್ನು ಇಂದೇ ನಿಲ್ಲಿಸಿ.

ಶುಚಿಗೊಳಿಸುವ ದ್ರಾವಣಗಳು: ಬ್ಲೀಚನ್ನು ಆಮ್ಲವಿರುವ ಶೌಚಾಲಯ ದ್ರಾವಣದೊಂದಿಗೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅಮೋನಿಯ ಇರುವುದರೊಂದಿಗೆ ಬೆರೆಸಿದರೆ ಕ್ಲೋರಮೈನ್. ಎರಡೂ ಶ್ವಾಸಕೋಶವನ್ನು ಸುಡುತ್ತವೆ. ಎರಡು ಸೇರಿದರೆ ಹೆಚ್ಚು ಸ್ವಚ್ಛವಾಗುತ್ತದೆ ಎಂಬ ನಂಬಿಕೆಯಿಂದ ಎಷ್ಟೋ ಮಂದಿ ಆಸ್ಪತ್ರೆ ಸೇರುತ್ತಾರೆ.

ಪಾದರಸ: ಹಳೆಯ ಥರ್ಮಾಮೀಟರ್ ಒಡೆದರೆ ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿ ತೆರೆಯಿರಿ. ಪೊರಕೆಯಿಂದ ಗುಡಿಸಬೇಡಿ, ವ್ಯಾಕ್ಯೂಮ್ ಕ್ಲೀನರ್ ಬಳಸಬೇಡಿ. ಎರಡೂ ಹನಿಗಳನ್ನು ಇನ್ನಷ್ಟು ಒಡೆದು ಆವಿಯನ್ನು ಹರಡುತ್ತವೆ. ಗಟ್ಟಿ ಕಾಗದದಿಂದ ಹನಿಗಳನ್ನು ಒಂದೆಡೆ ಸೇರಿಸಿ, ಉಳಿದ ಚೂರನ್ನು ಅಂಟುಪಟ್ಟಿಯಿಂದ ಎತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ. ಬಚ್ಚಲಿಗೆ ಸುರಿಯಬೇಡಿ, ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಕೀಟನಾಶಕ: ಸಿಂಪಡಣೆಯ ಬಳಿಕ ಯಾರಿಗಾದರೂ ವಿಪರೀತ ಜೊಲ್ಲು, ಬೆವರು, ಕಿರಿದಾದ ಕಣ್ಣಿನ ಪಾಪೆ, ಉಸಿರಾಟದ ಕಷ್ಟ ಕಾಣಿಸಿದರೆ ಬಟ್ಟೆ ತೆಗೆಸಿ ಸೋಪು ನೀರಿನಿಂದ ಮೈ ತೊಳೆದು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ತೊಳೆಯುವವರು ಕೈಗವಸು ಹಾಕಿಕೊಳ್ಳಬೇಕು. ವಾಂತಿ ಮಾಡಿಸಲು ಹೋಗಬೇಡಿ. ಕೀಟನಾಶಕದ ಡಬ್ಬಿಯ ಚೀಟಿ ಜೊತೆಗಿರಲಿ. ವೈದ್ಯರಿಗೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ.

2. ಒಂದು ವಾರ ಬರೆದಿಡಿ

ಮನೆಯ ಪ್ರತಿಯೊಬ್ಬರೂ ದಿನದ ಯಾವ ಹೊತ್ತು ಎಲ್ಲಿ ಕಳೆಯುತ್ತಾರೆ, ಅಲ್ಲಿ ಏನು ಉರಿಯುತ್ತದೆ, ಏನನ್ನು ಸಿಂಪಡಿಸುತ್ತಾರೆ, ದೂಳು ಎಲ್ಲಿಂದ ಬರುತ್ತದೆ ಎಂದು ಬರೆಯಿರಿ. ಕೆಮ್ಮು, ಕಣ್ಣುರಿ, ತಲೆನೋವು ಬಂದರೆ ಹೊತ್ತನ್ನೂ ಸ್ಥಳವನ್ನೂ ಗುರುತು ಹಾಕಿ. ರಜೆಯಲ್ಲಿ ಬೇರೆಡೆ ಹೋದಾಗ ಅದು ಕಡಿಮೆಯಾಗುತ್ತದೆಯೇ ಎಂಬುದು ಬೆಲೆಬಾಳುವ ಸುಳಿವು.

ಆರು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು, ಉಬ್ಬಸ ಅಥವಾ ಹೃದಯದ ಕಾಯಿಲೆ ಇರುವವರು ಯಾವ ಕೋಣೆಯಲ್ಲಿ ಹೆಚ್ಚು ಹೊತ್ತು ಇರುತ್ತಾರೋ ಆ ಕೋಣೆಯನ್ನು ನಕ್ಷೆಯಲ್ಲಿ ಗುರುತಿಸಿ. ನಿಮ್ಮ ಶ್ರಮವೂ ಹಣವೂ ಮೊದಲು ಅಲ್ಲಿಗೆ ಹೋಗಬೇಕು. ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿ ಉಸಿರಾಡುತ್ತಾರೆ, ಹೆಚ್ಚು ನೀರು ಕುಡಿಯುತ್ತಾರೆ, ನೆಲದ ಮೇಲೆ ಆಡಿದ ಕೈಯನ್ನು ಬಾಯಿಗಿಡುತ್ತಾರೆ. ಅವರ ಮೆದುಳು ಇನ್ನೂ ಬೆಳೆಯುತ್ತಿರುತ್ತದೆ.

ಇಲ್ಲಿ ಜನ ಎರಡು ಕಡೆ ಎಡವುತ್ತಾರೆ. ಮೊದಲನೆಯದು, ಮೂಗನ್ನು ನಂಬುವುದು. ಸೀಸಕ್ಕೆ, ನೀರಿನಲ್ಲಿ ಕರಗಿದ ಆರ್ಸೆನಿಕ್‌ಗೆ, ನೆಲದಿಂದ ಮೇಲೇಳುವ ರೇಡಾನ್ ಅನಿಲಕ್ಕೆ ವಾಸನೆಯೇ ಇಲ್ಲ. ಎರಡನೆಯದು, ಲಕ್ಷಣವಿಲ್ಲದಿದ್ದರೆ ತೊಂದರೆಯೂ ಇಲ್ಲ ಎಂದುಕೊಳ್ಳುವುದು. ಕಲ್ನಾರಿನ ಎಳೆಗಳನ್ನು ಉಸಿರಾಡಿದವರಿಗೆ ಅದರಿಂದ ಬರುವ ಕ್ಯಾನ್ಸರ್ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 20ರಿಂದ 40 ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಈ ನಡುವಿನ ಅವಧಿಯಲ್ಲಿ ಅವರು ಪೂರ್ಣ ಆರೋಗ್ಯವಂತರಂತೆಯೇ ಇರುತ್ತಾರೆ.

3. ಗಾಳಿ

ಗಾಳಿಯ ಮಾಲಿನ್ಯದಲ್ಲಿ ಹೆಚ್ಚು ಜೀವ ತೆಗೆಯುವುದು ಪಿಎಂ 2.5, ಅಂದರೆ 2.5 ಮೈಕ್ರೊಮೀಟರ್ ಅಥವಾ ಅದಕ್ಕಿಂತ ಕಡಿಮೆ ವ್ಯಾಸದ ಸೂಕ್ಷ್ಮ ಕಣಗಳು. ಮನುಷ್ಯನ ಕೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರೊಮೀಟರ್. ಮೂಗಿನ ರೋಮ, ಗಂಟಲಿನ ಲೋಳೆ ಇವನ್ನು ತಡೆಯಲಾರವು. ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಇಳಿಯುತ್ತವೆ, ಅತಿ ಚಿಕ್ಕವು ರಕ್ತವನ್ನೂ ಸೇರುತ್ತವೆ. ಆದ್ದರಿಂದಲೇ ಕೆಟ್ಟ ಗಾಳಿಯಿಂದ ಉಬ್ಬಸ ಮಾತ್ರವಲ್ಲದೆ ಹೃದಯಾಘಾತ, ಪಾರ್ಶ್ವವಾಯು, ಕಡಿಮೆ ತೂಕದ ಶಿಶುಗಳ ಜನನವೂ ಹೆಚ್ಚುತ್ತವೆ. ಹೊರಗಿನ ಗಾಳಿಯ ಮಾಲಿನ್ಯವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2013ರಲ್ಲಿ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತವಾದವುಗಳ ಗುಂಪಿಗೆ ಸೇರಿಸಿತು. ಮನೆಯೊಳಗಿನ ಹೊಗೆ ಮತ್ತು ಹೊರಗಿನ ಗಾಳಿ ಎರಡೂ ಸೇರಿ ವರ್ಷಕ್ಕೆ ಸುಮಾರು 70 ಲಕ್ಷ ಅಕಾಲಿಕ ಸಾವುಗಳಿಗೆ ಕಾರಣವಾಗುತ್ತಿವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಅದೇ ಸಂಸ್ಥೆ 2021ರಲ್ಲಿ ಪಿಎಂ 2.5ರ ಮಿತಿಯನ್ನು ವಾರ್ಷಿಕ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೊಗ್ರಾಂಗೆ ಇಳಿಸಿತು. 24 ಗಂಟೆಯ ಸರಾಸರಿಗೆ 15. ಅದಕ್ಕೂ ಮುನ್ನ, 2005ರ ಮಾರ್ಗಸೂಚಿಯಲ್ಲಿ ವಾರ್ಷಿಕ ಮಿತಿ 10 ಇತ್ತು. ಮೊಬೈಲ್‌ನಲ್ಲಿ ಕಾಣುವ ವಾಯು ಗುಣಮಟ್ಟ ಸೂಚ್ಯಂಕವನ್ನು ಈ ಅಂಕಿಗಳೊಂದಿಗೆ ಹೋಲಿಸಬೇಡಿ. ಸೂಚ್ಯಂಕವೆಂದರೆ ಹಲವು ಮಾಲಿನ್ಯಕಾರಕಗಳ ಅಳತೆಯನ್ನು ಒಂದೇ ಅಳತೆಪಟ್ಟಿಗೆ ಇಳಿಸಿ ಕೊಟ್ಟ ಅಂಕ. ಆ ಪಟ್ಟಿ ದೇಶದಿಂದ ದೇಶಕ್ಕೆ ಬೇರೆ. ಒಂದೇ ಗಾಳಿಗೆ ಎರಡು ಆ್ಯಪ್‌ಗಳು ಎರಡು ಅಂಕ ತೋರಿಸಿದಾಗ ಓದುಗರು ಗೊಂದಲಕ್ಕೀಡಾಗುವುದು ಇದರಿಂದಲೇ. ಪಿಎಂ 2.5 ಎಂಬ ಸಾಲಿನಲ್ಲಿ ಮೈಕ್ರೊಗ್ರಾಂ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನೇ ನೋಡಿ.

ಈಗ ಮಾಡಬೇಕಾದ ಕೆಲಸ. ಮನೆಯೊಳಗೆ ಉರಿಯುವ ಪ್ರತಿಯೊಂದನ್ನೂ ನಿಮ್ಮ ಪಟ್ಟಿಯಿಂದ ಹೆಕ್ಕಿ: ಸೌದೆ ಒಲೆ, ಸೀಮೆಎಣ್ಣೆ ದೀಪ, ಸಿಗರೇಟು, ಬೀಡಿ, ಸೊಳ್ಳೆಬತ್ತಿ, ಪರಿಮಳಕ್ಕೆಂದು ಹಚ್ಚುವ ಬತ್ತಿಗಳು. ಒಂದೊಂದನ್ನೂ ತೆಗೆಯಬಹುದೇ, ಬದಲಿಸಬಹುದೇ, ಹೊರಗೆ ಸಾಗಿಸಬಹುದೇ ಎಂದು ಯೋಚಿಸಿ. ಧೂಮಪಾನಕ್ಕೆ ರಿಯಾಯಿತಿ ಇಲ್ಲ: ಮನೆಯೊಳಗೆ ಒಬ್ಬರು ಸೇದುತ್ತಿದ್ದರೆ ಬೇರೆ ಯಾವ ಉಪಾಯವೂ ಅದನ್ನು ಸರಿದೂಗಿಸದು. ಅಡುಗೆ ಅನಿಲದ ಒಲೆ ಸೌದೆಗಿಂತ ಎಷ್ಟೋ ಮೇಲು. ಆದರೂ ಅದು ನೈಟ್ರೋಜನ್ ಡೈಆಕ್ಸೈಡ್ ಬಿಡುತ್ತದೆ, ಕಾದ ಎಣ್ಣೆ ಸೂಕ್ಷ್ಮ ಕಣಗಳನ್ನು ಬಿಡುತ್ತದೆ. ಅಡುಗೆಮನೆಯ ಹೊಗೆನಳಿಗೆ ಗಾಳಿಯನ್ನು ಕಟ್ಟಡದ ಹೊರಗೆ ಸಾಗಿಸುತ್ತದೆಯೇ ಎಂದು ನೋಡಿ. ಕೆಲವು ಯಂತ್ರಗಳು ಹೊಗೆಯನ್ನು ಜಾಲರಿಯಲ್ಲಿ ಸೋಸಿ ಮತ್ತೆ ಒಳಗೇ ಬಿಡುತ್ತವೆ. ಅವು ಜಿಡ್ಡು ಹಿಡಿಯುತ್ತವೆ, ಅನಿಲವನ್ನು ಬಹುಪಾಲು ಹಾಗೆಯೇ ಬಿಡುತ್ತವೆ.

ಕಿಟಕಿ ಯಾವಾಗ ತೆರೆಯಬೇಕು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಒಳಗೆ ಅಡುಗೆ, ಬಣ್ಣ, ಹೊಸ ಪೀಠೋಪಕರಣದ ವಾಸನೆ ಇದ್ದರೆ ತೆರೆಯಿರಿ. ಹೊರಗೆ ವಾಹನ ದಟ್ಟಣೆ ಅಥವಾ ಕಸ ಸುಡುವ ಹೊಗೆ ಇರುವ ಹೊತ್ತಿನಲ್ಲಿ ಮುಚ್ಚಿ, ಇಳಿದ ಮೇಲೆ ತೆರೆಯಿರಿ. ಗೋಡೆ ತೇವಗೊಂಡು ಬೂಷ್ಟು ಹಿಡಿದಿದ್ದರೆ ನೀರು ಸೋರುವ ಜಾಗವನ್ನು ಮುಚ್ಚಿಸಿ. ಮೇಲೆ ಬಣ್ಣ ಬಳಿದರೆ ಬೂಷ್ಟು ಒಳಗೇ ಬೆಳೆಯುತ್ತದೆ, ಉಬ್ಬಸ ಹಾಗೆಯೇ ಉಳಿಯುತ್ತದೆ.

ಇಷ್ಟಾದ ಮೇಲೆ ಗಾಳಿ ಶುದ್ಧಕದ ಮಾತು. ಹೆಪಾ ಎಂಬ ದರ್ಜೆಯ ಸೋಸುಪದರ 0.3 ಮೈಕ್ರೊಮೀಟರ್ ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯಬೇಕು. ಹಿಡಿಯಲು ಅತಿ ಕಷ್ಟವಾದ ಗಾತ್ರ ಅದರ ಆಸುಪಾಸಿನದು. ಅದಕ್ಕಿಂತ ದೊಡ್ಡವೂ ಚಿಕ್ಕವೂ ಸುಲಭವಾಗಿ ಸಿಕ್ಕಿಬೀಳುತ್ತವೆ. ಪೆಟ್ಟಿಗೆಯ ಮೇಲೆ ಹೆಪಾ ಎಂದಿದ್ದರೆ ಸಾಲದು, ಶುದ್ಧ ಗಾಳಿ ಪೂರೈಕೆ ದರವನ್ನು ನೋಡಬೇಕು. ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬ ಅಂಕಿಯದು. ಲೆಕ್ಕ ಸುಲಭ. ಕೋಣೆ 4 ಮೀಟರ್ ಉದ್ದ, 3.5 ಮೀಟರ್ ಅಗಲ, 3 ಮೀಟರ್ ಎತ್ತರ ಇದ್ದರೆ ಗಾತ್ರ 42 ಘನ ಮೀಟರ್. ಗಂಟೆಗೆ ಐದು ಬಾರಿ ಕೋಣೆಯ ಗಾಳಿ ಬದಲಾಗಬೇಕೆಂದರೆ 210 ಘನ ಮೀಟರ್ ಕೊಡುವ ಯಂತ್ರ ಬೇಕು. ಅದೂ ನೀವು ನಿಜವಾಗಿ ಓಡಿಸುವ ವೇಗದಲ್ಲಿ. ಸದ್ದು ಹೆಚ್ಚೆಂದು ಕನಿಷ್ಠ ವೇಗದಲ್ಲಿಟ್ಟರೆ ಅಷ್ಟು ಸಿಗುವುದಿಲ್ಲ. ಓಝೋನ್ ಬಿಡುಗಡೆ ಮಾಡುವ ಯಂತ್ರವನ್ನು ಖಂಡಿತ ತರಬೇಡಿ. ಮೇಲಿನ ವಾಯುಮಂಡಲದಲ್ಲಿ ನಮ್ಮನ್ನು ಕಾಯುವ ಓಝೋನ್ ಕೋಣೆಯೊಳಗೆ ಶ್ವಾಸಕೋಶಕ್ಕೆ ಹಾನಿ ಮಾಡುತ್ತದೆ. ಹೆಪಾ ಕಣಗಳನ್ನಷ್ಟೇ ತಡೆಯುತ್ತದೆ, ಕಾರ್ಬನ್ ಮಾನಾಕ್ಸೈಡನ್ನು ತಡೆಯುವುದಿಲ್ಲ ಎಂಬುದೂ ನೆನಪಿರಲಿ.

ಹೊರಗೆ ಹೋಗುವಾಗ ಎನ್95 ಮುಖಗವಸು ಸರಿಯಾಗಿ ಕೂತರೆ ಮಾತ್ರ ಉಪಯೋಗ. ಗಡ್ಡವಿದ್ದರೆ ಅಂಚಿನಿಂದ ಗಾಳಿ ನುಗ್ಗುತ್ತದೆ. ಬಟ್ಟೆಯ ಗವಸು ಸೂಕ್ಷ್ಮ ಕಣಗಳಿಗೆ ತಕ್ಕ ತಡೆಯಲ್ಲ.

ರೇಡಾನ್ ಬಗ್ಗೆ ಚಿಕ್ಕ ಮಾತು: ಮಣ್ಣು ಮತ್ತು ಬಂಡೆಯಲ್ಲಿರುವ ಯುರೇನಿಯಂ ಸವೆಯುತ್ತಾ ಹುಟ್ಟುವ ವಿಕಿರಣಶೀಲ ಅನಿಲವಿದು. ಹಲವು ದೇಶಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್‌ಗೆ ಧೂಮಪಾನದ ನಂತರದ ದೊಡ್ಡ ಕಾರಣ ಇದೇ. ನೆಲಮಾಳಿಗೆಯಲ್ಲಿ ಅಥವಾ ಗಾಳಿಯಾಡದ ನೆಲಮಹಡಿಯಲ್ಲಿ ಮಲಗುವವರು ಅಳೆಸಿ ನೋಡುವುದು ಒಳ್ಳೆಯದು. ವಿಕಿರಣಶೀಲತೆಯನ್ನು ಅಳೆಯುವ ಮಾನ ಬೆಕೆರೆಲ್; ಘನ ಮೀಟರ್‌ಗೆ 100 ಬೆಕೆರೆಲ್ ಮೀರಿದರೆ ನೆಲದ ಬಿರುಕು ಮುಚ್ಚಿಸಿ, ಗಾಳಿ ಹಾಯುವಂತೆ ಮಾಡಿಸಬೇಕು.

4. ನೀರು

ಮೊದಲು ಒಂದು ಎಚ್ಚರಿಕೆ. ರಾಸಾಯನಿಕಗಳ ಭಯದಲ್ಲಿ ರೋಗಾಣುಗಳನ್ನು ಮರೆಯಬೇಡಿ. ಕುಡಿಯುವ ನೀರಿನಿಂದ ಬೇಗ ಮತ್ತು ಖಚಿತವಾಗಿ ಕಾಯಿಲೆ ತರುವುದು ಮಲದಿಂದ ಬಂದ ಸೂಕ್ಷ್ಮಜೀವಿಗಳು. ಕ್ಲೋರಿನ್ ಹಾಕಿದ ನೀರಿನಲ್ಲಿ ಕೆಲವು ಉಪವಸ್ತುಗಳು ಹುಟ್ಟುವುದು ನಿಜ. ಅದಕ್ಕೆ ಹೆದರಿ ಶುದ್ಧೀಕರಿಸದ ನೀರು ಕುಡಿಯುವುದು ಚಿಕ್ಕ ಅಪಾಯ ಬಿಟ್ಟು ದೊಡ್ಡದನ್ನು ಆರಿಸಿಕೊಂಡಂತೆ.

ರಾಸಾಯನಿಕಗಳಲ್ಲಿ ನಾಲ್ಕನ್ನು ಮುಖ್ಯವಾಗಿ ಗಮನಿಸಿ. ಆರ್ಸೆನಿಕ್ ಬಂಡೆಯಿಂದ ಕರಗಿ ಅಂತರ್ಜಲ ಸೇರುತ್ತದೆ. ವರ್ಷಗಟ್ಟಲೆ ಕುಡಿದರೆ ಅಂಗೈ ಅಂಗಾಲಿನ ಚರ್ಮ ಗಡುಸಾಗುತ್ತದೆ, ಚರ್ಮ, ಮೂತ್ರಕೋಶ, ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ. ಬಾಂಗ್ಲಾದೇಶದಲ್ಲಿ ಕೆರೆಕುಂಟೆಗಳ ರೋಗಾಣುಗಳಿಂದ ಜನರನ್ನು ಉಳಿಸಲೆಂದು ಕೊರೆದ ಲಕ್ಷಾಂತರ ಕೊಳವೆಬಾವಿಗಳ ನೀರಿನಲ್ಲಿ ಆರ್ಸೆನಿಕ್ ಇತ್ತು; 1990ರ ದಶಕದಲ್ಲಿ ಅದು ಬಯಲಾಗುವ ಹೊತ್ತಿಗೆ ಕೋಟ್ಯಂತರ ಜನ ಅದನ್ನು ಕುಡಿಯುತ್ತಿದ್ದರು. ಫ್ಲೋರೈಡ್ ಹೆಚ್ಚಾದರೆ ಮಕ್ಕಳ ಹಲ್ಲಿನಲ್ಲಿ ಕಲೆ, ಇನ್ನೂ ಹೆಚ್ಚಾದರೆ ಮೂಳೆ ಮತ್ತು ಕೀಲುಗಳ ಬಿಗಿತ. ರಸಗೊಬ್ಬರ ಮತ್ತು ಮಲಗುಂಡಿಗಳಿಂದ ಬರುವ ನೈಟ್ರೇಟ್ ಎಳೆಯ ಕೂಸುಗಳ ರಕ್ತ ಆಮ್ಲಜನಕ ಹೊರದಂತೆ ಮಾಡಿ ಮೈ ನೀಲಿಗಟ್ಟಿಸುತ್ತದೆ. ಸೀಸ ಹೆಚ್ಚಾಗಿ ಬರುವುದು ನೀರಿನ ಮೂಲದಿಂದ ಅಲ್ಲ, ಹಳೆಯ ಕೊಳವೆ, ಬೆಸುಗೆ, ನಲ್ಲಿಯ ಲೋಹದಿಂದ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ಒಂದು ಲೀಟರ್ ನೀರಿನಲ್ಲಿ ಆರ್ಸೆನಿಕ್ ಮತ್ತು ಸೀಸ ತಲಾ 10 ಮೈಕ್ರೊಗ್ರಾಂ, ಫ್ಲೋರೈಡ್ 1.5 ಮಿಲಿಗ್ರಾಂ, ನೈಟ್ರೇಟ್ 50 ಮಿಲಿಗ್ರಾಂ ಮೀರಬಾರದು.

ಮಾದರಿ ತೆಗೆಯುವ ಕ್ರಮದಲ್ಲಿ ತಪ್ಪಿದರೆ ಪರೀಕ್ಷೆಯೇ ವ್ಯರ್ಥ. ಪ್ರಯೋಗಾಲಯದಿಂದಲೇ ಬಾಟಲಿ ತನ್ನಿ. ಸೀಸಕ್ಕಾದರೆ ನಲ್ಲಿಯನ್ನು ಕನಿಷ್ಠ ಆರು ಗಂಟೆ ತೆರೆಯದೆ ಬಿಟ್ಟು, ಬೆಳಿಗ್ಗೆ ಬರುವ ಮೊದಲ ನೀರನ್ನೇ ಹಿಡಿಯಬೇಕು. ಕೊಳವೆಯಲ್ಲಿ ನಿಂತ ನೀರಿನಲ್ಲೇ ಸೀಸ ಕರಗಿರುತ್ತದೆ. ಬಾವಿಯ ಆರ್ಸೆನಿಕ್, ಫ್ಲೋರೈಡ್ ಪರೀಕ್ಷೆಗೆ ಇದಕ್ಕೆ ವಿರುದ್ಧ: ಕೆಲವು ನಿಮಿಷ ಹರಿಯಬಿಟ್ಟು ಹಿಡಿಯಿರಿ. ರೋಗಾಣು ಪರೀಕ್ಷೆಗೆ ಕ್ರಿಮಿರಹಿತ ಬಾಟಲಿ ಬೇಕು, ಮುಚ್ಚಳದ ಒಳಭಾಗ ಮುಟ್ಟಬಾರದು, ತಂಪಾಗಿಟ್ಟು ಒಂದು ದಿನದೊಳಗೆ ತಲುಪಿಸಬೇಕು.

ಓದುಗರು ಪದೇ ಪದೇ ಸಿಕ್ಕಿಬೀಳುವ ಬಲೆಗಳು ಇಲ್ಲಿವೆ. ಕುದಿಸಿದರೆ ಎಲ್ಲವೂ ಹೋಗುತ್ತದೆ ಎಂಬುದು ಒಂದು. ಕುದಿಸಿದರೆ ರೋಗಾಣು ಸಾಯುತ್ತದೆ. ನೀರು ಆವಿಯಾಗಿ ಆರ್ಸೆನಿಕ್, ಫ್ಲೋರೈಡ್, ನೈಟ್ರೇಟ್ ಇನ್ನಷ್ಟು ಗಾಢವಾಗುತ್ತವೆ. ನೀರಿಗೆ ಅದ್ದಿ ಅಂಕಿ ತೋರಿಸುವ ಟಿಡಿಎಸ್ ಮೀಟರ್ ಇನ್ನೊಂದು. ಅದು ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು, ಕರಗಿದ ಒಟ್ಟು ಲವಣಗಳನ್ನು ಮಿಲಿಗ್ರಾಂ ಲೆಕ್ಕದಲ್ಲಿ ಅಂದಾಜಿಸುತ್ತದೆ. ಆರ್ಸೆನಿಕ್‌ನ ಮಿತಿ 10 ಮೈಕ್ರೊಗ್ರಾಂ, ಅಂದರೆ ಕೇವಲ 0.01 ಮಿಲಿಗ್ರಾಂ. ಮಿತಿಯ ಹತ್ತು ಪಟ್ಟು ಆರ್ಸೆನಿಕ್ ಇದ್ದರೂ ಆ ಮೀಟರ್ ಮಿಸುಕುವುದಿಲ್ಲ. ಮಾರಾಟಗಾರರು ಮನೆಗೆ ಬಂದು ಈ ಮೀಟರ್ ಅದ್ದಿ ತೋರಿಸಿ ಹೆದರಿಸಿದರೆ ಅಥವಾ ಧೈರ್ಯ ಹೇಳಿದರೆ ಎರಡನ್ನೂ ನಂಬಬೇಡಿ.

ವರದಿ ಕೈಗೆ ಬಂದ ಮೇಲೆ ಅದಕ್ಕೆ ತಕ್ಕ ಶುದ್ಧಕ ಆರಿಸಿ. ಅತಿನೇರಳೆ ದೀಪ ರೋಗಾಣುಗಳನ್ನು ಕೊಲ್ಲುತ್ತದೆ, ಲೋಹ ತೆಗೆಯುವುದಿಲ್ಲ. ಸಕ್ರಿಯ ಇಂಗಾಲ ಕ್ಲೋರಿನ್, ವಾಸನೆ ಮತ್ತು ಹಲವು ಸಾವಯವ ರಾಸಾಯನಿಕಗಳನ್ನು ಹೀರುತ್ತದೆ, ಫ್ಲೋರೈಡ್ ಮತ್ತು ನೈಟ್ರೇಟ್‌ಗೆ ನಿಷ್ಪ್ರಯೋಜಕ. ಆರ್‌ಒ ಎಂದು ಕರೆಯುವ, ಒತ್ತಡದಿಂದ ನೀರನ್ನು ಸೂಕ್ಷ್ಮ ಪೊರೆಯ ಮೂಲಕ ತಳ್ಳುವ ವಿಧಾನ ನಾಲ್ಕನ್ನೂ ಬಹುಮಟ್ಟಿಗೆ ತೆಗೆಯುತ್ತದೆ. ಆದರೆ ಸಾಕಷ್ಟು ನೀರನ್ನು ಪೋಲು ಮಾಡುತ್ತದೆ, ದೇಹಕ್ಕೆ ಬೇಕಾದ ಖನಿಜಗಳನ್ನೂ ತೆಗೆಯುತ್ತದೆ. ವರದಿಯಲ್ಲಿ ತೊಂದರೆ ಕಾಣದಿದ್ದರೆ ಅದು ಬೇಕಾಗಿಲ್ಲ. ಅಳವಡಿಸಿದ ಮೇಲೆ ಹೊರಬರುವ ನೀರನ್ನು ಮತ್ತೊಮ್ಮೆ ಪರೀಕ್ಷಿಸಿ. ಈ ಕೆಲಸವನ್ನು ಬಹುತೇಕ ಯಾರೂ ಮಾಡುವುದಿಲ್ಲ. ಸೀಸ ಸಿಕ್ಕಿದ್ದರೆ ಕೊಳವೆ ಬದಲಿಸುವವರೆಗೆ ಬೆಳಿಗ್ಗೆ ಮೊದಲ ನೀರನ್ನು ಹರಿಯಬಿಡಿ, ಕುಡಿಯಲು ಮತ್ತು ಅಡುಗೆಗೆ ಬಿಸಿನೀರಿನ ನಲ್ಲಿಯಿಂದ ಹಿಡಿಯಬೇಡಿ.

5. ದೂಳು ಮತ್ತು ಸೀಸ

ಸೀಸಕ್ಕೆ ಸುರಕ್ಷಿತ ಮಟ್ಟ ಎಂಬುದೇ ಇಲ್ಲ. ಬಾಯಿಯಿಂದ ಒಳಹೋದ ಸೀಸವನ್ನು ಮಕ್ಕಳ ದೇಹ ದೊಡ್ಡವರ ದೇಹಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳಬಲ್ಲದು. ಬುದ್ಧಿಶಕ್ತಿ, ಏಕಾಗ್ರತೆ, ನಡವಳಿಕೆಗೆ ಆಗುವ ಹಾನಿ ಮರಳಿ ಸರಿಹೋಗುವುದಿಲ್ಲ. ದೊಡ್ಡವರಲ್ಲಿ ರಕ್ತದೊತ್ತಡ ಏರುತ್ತದೆ, ಮೂತ್ರಪಿಂಡ ಸೊರಗುತ್ತದೆ. ಮೂಳೆಯಲ್ಲಿ ದಶಕಗಳ ಕಾಲ ಅಡಗಿದ್ದ ಸೀಸ ಗರ್ಭಾವಸ್ಥೆಯಲ್ಲಿ ಮತ್ತೆ ರಕ್ತಕ್ಕೆ ಬಂದು ಮಗುವನ್ನು ಸೇರಬಹುದು.

ಹುಡುಕಬೇಕಾದ ಜಾಗಗಳು: ಸುಲಿಯುತ್ತಿರುವ ಹಳೆಯ ಬಣ್ಣ, ಅದರಲ್ಲೂ ಕಿಟಕಿ ಮತ್ತು ಬಾಗಿಲಿನ ಉಜ್ಜುವ ಅಂಚು, ಹತ್ತಿರದಲ್ಲಿ ಹಳೆಯ ಬ್ಯಾಟರಿ ಒಡೆದು ಕರಗಿಸುವ ಜಾಗ, ಮೆರುಗು ಹಚ್ಚಿದ ಕೆಲವು ಮಣ್ಣಿನ ಪಾತ್ರೆಗಳು, ಮೂಲ ತಿಳಿಯದ ಗಾಢ ಬಣ್ಣದ ಆಟಿಕೆಗಳು, ಕಣ್ಣಿಗೆ ಹಚ್ಚುವ ಪುಡಿಗಳು, ಹೊಳಪಿಗಾಗಿ ಸೀಸದ ಬಣ್ಣ ಬೆರೆಸಿದ ಮಸಾಲೆ ಪುಡಿಗಳು, ಲೋಹ ಸೇರಿಸಿ ತಯಾರಿಸಿದ ಔಷಧಗಳು.

ಬಣ್ಣ ಸುಲಿದಿದೆಯೆಂದು ಒಣ ಮರಳುಕಾಗದದಿಂದ ಉಜ್ಜಲು ಹೋಗುವುದು ಅತಿ ದೊಡ್ಡ ತಪ್ಪು. ಗೋಡೆಯ ಮೇಲೆ ಸುಮ್ಮನಿದ್ದ ಸೀಸ ಒಂದೇ ದಿನದಲ್ಲಿ ಮನೆತುಂಬ ದೂಳಾಗುತ್ತದೆ. ಬೆಂಕಿಯ ಜ್ವಾಲೆಯಿಂದ ಸುಡುವುದು ಇನ್ನೂ ಕೆಟ್ಟದ್ದು. ಮೇಲ್ಮೈಯನ್ನು ಒದ್ದೆ ಮಾಡಿ ಸಡಿಲಾದ ಚೂರುಗಳನ್ನಷ್ಟೇ ತೆಗೆದು ಮುಚ್ಚುಬಣ್ಣ ಹಚ್ಚಿಸಿ ಅಥವಾ ಹಲಗೆ ಹೊದಿಸಿ. ಆ ಕೆಲಸ ನಡೆಯುವಾಗ ಮಕ್ಕಳೂ ಗರ್ಭಿಣಿಯರೂ ಮನೆಯಲ್ಲಿ ಇರಬಾರದು.

ದಿನನಿತ್ಯ ಮಾಡಬೇಕಾದದ್ದು ಸರಳ. ಪಾದರಕ್ಷೆಯನ್ನು ಬಾಗಿಲ ಹೊರಗೇ ಬಿಡಿ. ಒಣ ಪೊರಕೆಗೆ ಬದಲು ಒದ್ದೆ ಬಟ್ಟೆಯಿಂದ ನೆಲ ಒರೆಸಿ, ಕಿಟಕಿಯ ಅಂಚನ್ನೂ ಒರೆಸಿ. ಊಟಕ್ಕೆ ಮುನ್ನ ಮಕ್ಕಳ ಕೈಯನ್ನು ಸೋಪಿನಿಂದ ತೊಳೆಸಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಕೊರತೆಯಿದ್ದರೆ ದೇಹ ಸೀಸವನ್ನು ಹೆಚ್ಚು ಹೀರುತ್ತದೆ. ಆದ್ದರಿಂದ ಮಗುವಿಗೆ ರಕ್ತಹೀನತೆ ಇದ್ದರೆ ಅದಕ್ಕೆ ಚಿಕಿತ್ಸೆ ಕೊಡಿಸುವುದೂ ಸೀಸದ ವಿರುದ್ಧದ ಹೆಜ್ಜೆಯೇ.

ಮೂಲ ತೆಗೆಯುವುದರ ಫಲವೇನೆಂದು ಸಂಶಯವಿದ್ದರೆ ಪೆಟ್ರೋಲ್‌ನ ಇತಿಹಾಸ ನೋಡಿ. 1920ರ ದಶಕದಲ್ಲಿ ಪೆಟ್ರೋಲ್‌ಗೆ ಸೀಸ ಬೆರೆಸಲು ಶುರುಮಾಡಿದರು. ವಾಹನಗಳಿಗೆ ಅಂಥ ಪೆಟ್ರೋಲ್ ಮಾರುತ್ತಿದ್ದ ಕೊನೆಯ ದೇಶವಾದ ಅಲ್ಜೀರಿಯ ಅದನ್ನು ನಿಲ್ಲಿಸಿದ್ದು 2021ರಲ್ಲಿ. ನಿಲ್ಲಿಸಿದ ದೇಶಗಳಲ್ಲೆಲ್ಲ ಜನರ ರಕ್ತದಲ್ಲಿನ ಸೀಸ ಕುಸಿಯಿತು. ಯಾವ ಮನೆಯ ಯಂತ್ರವೂ ಇದನ್ನು ಸಾಧಿಸುತ್ತಿರಲಿಲ್ಲ.

6. ಕೆಲಸದಿಂದ ಮನೆಗೆ ಬರುವುದು

ಬ್ಯಾಟರಿ, ಬೆಸುಗೆ, ಬಣ್ಣ, ಕಲ್ಲು ಕೆತ್ತನೆ, ಕೀಟನಾಶಕ ಸಿಂಪಡಣೆ, ಹಳೆಯ ಕಟ್ಟಡ ಕೆಡಹುವುದು: ಇಂಥ ಕೆಲಸಕ್ಕೆ ಹೋಗುವವರ ಬಟ್ಟೆ, ಕೂದಲು, ಪಾದರಕ್ಷೆಯಲ್ಲಿ ವಿಷ ಮನೆಗೆ ಬರುತ್ತದೆ. ಕಲ್ನಾರು ಕಾರ್ಮಿಕರ ಬಟ್ಟೆ ಒಗೆದ ಹೆಂಡತಿಯರಿಗೆ ಅದೇ ಕ್ಯಾನ್ಸರ್ ಬಂದದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ಕೆಲಸದ ಜಾಗದಲ್ಲೇ ಸ್ನಾನ ಮಾಡಿ ಬಟ್ಟೆ ಬದಲಿಸಿ. ಆ ಬಟ್ಟೆಯನ್ನು ಕೊಡವದೆ ಚೀಲದಲ್ಲಿ ತಂದು ಬೇರೆಯಾಗಿ ಒಗೆಯಿರಿ. ಕಲ್ಲು ಅಥವಾ ಕಾಂಕ್ರೀಟ್ ಕತ್ತರಿಸುವಾಗ ನೀರು ಹಾಯಿಸಿ. ಅದರ ಸಿಲಿಕಾ ದೂಳು ಶ್ವಾಸಕೋಶವನ್ನು ಗಡಸುಗಟ್ಟಿಸಿದರೆ ಗುಣಪಡಿಸುವ ಔಷಧವಿಲ್ಲ. ಕಲ್ನಾರಿನ ಹಾಳೆ ಗಟ್ಟಿಯಾಗಿದ್ದರೆ ಕೊರೆಯಬೇಡಿ, ಒಡೆಯಬೇಡಿ, ಹಾಗೇ ಬಿಡಿ.

7. ಪ್ಲಾಸ್ಟಿಕ್, ಕೀಟನಾಶಕ, ಮೀನು

ಈ ಹಂತವನ್ನು ಬೇಗ ಮುಗಿಸುತ್ತೇನೆ. ಇವು ಮುಖ್ಯವಲ್ಲವೆಂದಲ್ಲ, ಮನೆಯ ಮಟ್ಟದಲ್ಲಿ ಮಾಡಬಹುದಾದದ್ದು ಕಡಿಮೆ. ಬಿಸ್ಫಿನಾಲ್ ಮತ್ತು ಥ್ಯಾಲೇಟ್‌ನಂಥ ಪ್ಲಾಸ್ಟಿಕ್ ರಾಸಾಯನಿಕಗಳು ಹಾರ್ಮೋನುಗಳ ಕೆಲಸಕ್ಕೆ ಅಡ್ಡಿಪಡಿಸಬಲ್ಲವು. ಬಿಸಿ ಆಹಾರವನ್ನು ಪ್ಲಾಸ್ಟಿಕ್‌ನಲ್ಲಿ ಹಾಕುವುದನ್ನು, ಅದರಲ್ಲೇ ಬಿಸಿಮಾಡುವುದನ್ನು ಬಿಡಿ. ಅಂಟದ ಲೇಪನ, ಕಲೆ ಹಿಡಿಯದ ಬಟ್ಟೆಗಳಲ್ಲಿ ಬಳಸುವ ಪಿಎಫ್ಎಎಸ್ ಎಂಬ ರಾಸಾಯನಿಕ ಕುಟುಂಬ ಪರಿಸರದಲ್ಲಿ ಸುಲಭವಾಗಿ ಕರಗಿ ಹೋಗುವುದಿಲ್ಲ. ಅದರಲ್ಲಿ ಪಿಎಫ್ಒಎ ಎಂಬುದನ್ನು 2023ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಲಾಯಿತು. ಹಣ್ಣು ತರಕಾರಿಗಳನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ, ಸೋಪು ಬೇಡ. ಉಳಿಕೆಗೆ ಹೆದರಿ ತರಕಾರಿಯನ್ನೇ ಬಿಟ್ಟರೆ ನಷ್ಟವೇ ಹೆಚ್ಚು. ಕೀಟನಾಶಕದ ಖಾಲಿ ಡಬ್ಬಿಯನ್ನು ಯಾವ ಕಾರಣಕ್ಕೂ ಮನೆಬಳಕೆಗೆ ತರಬೇಡಿ.

ಮೀನಿನ ವಿಷಯ ಗರ್ಭಿಣಿಯರಿಗೆ ಮುಖ್ಯ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಪಾದರಸ ಮೀನಿನ ಮೂಲಕ ಜನರ ನರವ್ಯೂಹವನ್ನು ಹಾಳುಮಾಡಿತು; ರೋಗವನ್ನು ಅಧಿಕೃತವಾಗಿ ಗುರುತಿಸಿದ್ದು 1956ರಲ್ಲಿ. ತಾಯಂದಿರಲ್ಲಿ ಅಷ್ಟೇನೂ ಲಕ್ಷಣ ಕಾಣದಿದ್ದರೂ ಹುಟ್ಟಿದ ಮಕ್ಕಳ ಮೆದುಳು ತೀವ್ರವಾಗಿ ಘಾಸಿಗೊಂಡಿತ್ತು. ಶಾರ್ಕ್, ಕತ್ತಿಮೀನಿನಂಥ, ಇತರ ಮೀನುಗಳನ್ನು ತಿಂದು ದೊಡ್ಡದಾಗುವ ಮೀನುಗಳಲ್ಲಿ ಪಾದರಸ ಹೆಚ್ಚು ಶೇಖರವಾಗುತ್ತದೆ. ಅವನ್ನು ಬಿಟ್ಟು ಚಿಕ್ಕ ಮೀನು ತಿನ್ನಿ.

8. ವೈದ್ಯರ ಬಳಿಗೆ ಹೋಗುವಾಗ

ಈಗ ಆರಂಭದಲ್ಲಿ ಹೇಳಿದ ಉಳಿದೆರಡು ಪ್ರಶ್ನೆಗಳಿಗೆ ಬರೋಣ: ಯಾವ ಪರೀಕ್ಷೆ, ಹೊರಹಾಕುವುದು ಹೇಗೆ. ಎಲ್ಲ ವಿಷಗಳನ್ನೂ ಹಿಡಿಯುವ ಒಂದೇ ರಕ್ತಪರೀಕ್ಷೆ ಇಲ್ಲ. ಯಾವ ವಸ್ತುವಿನ ಶಂಕೆ ಇದೆಯೋ ಅದಕ್ಕೆ ತಕ್ಕ ಪರೀಕ್ಷೆ ಮಾತ್ರ ಉಂಟು, ಅದನ್ನು ಆರಿಸಲು ವೈದ್ಯರಿಗೆ ನಿಮ್ಮ ನೋಟ್‌ಬುಕ್ ಬೇಕು. ಯಾವ ಕೆಲಸ, ಎಷ್ಟು ವರ್ಷ, ಯಾವ ನೀರು, ಯಾವ ಒಲೆ ಎಂಬುದನ್ನು ಅವರು ಕೇಳದಿದ್ದರೂ ಹೇಳಿ.

ಸೀಸಕ್ಕೆ ರಕ್ತಪರೀಕ್ಷೆ. ಬೆರಳು ಚುಚ್ಚಿ ತೆಗೆದ ಹನಿಯಲ್ಲಿ ಹೆಚ್ಚು ಬಂದರೆ ಚರ್ಮದ ಮೇಲಿನ ದೂಳೂ ಸೇರಿರಬಹುದು. ರಕ್ತನಾಳದಿಂದ ತೆಗೆದು ಖಚಿತಪಡಿಸಿಕೊಳ್ಳಬೇಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಿಂದ ಮಕ್ಕಳಲ್ಲಿ ಡೆಸಿಲೀಟರ್‌ಗೆ 3.5 ಮೈಕ್ರೊಗ್ರಾಂ ಅನ್ನು ಎಚ್ಚರಿಕೆಯ ಅಂಕಿಯಾಗಿ ಬಳಸುತ್ತಿದೆ. ಆರ್ಸೆನಿಕ್ ಕೆಲವೇ ದಿನಗಳಲ್ಲಿ ರಕ್ತದಿಂದ ಹೋಗುವುದರಿಂದ ಮೂತ್ರ ಪರೀಕ್ಷೆ ಸೂಕ್ತ. ಅದಕ್ಕೆ ಮುನ್ನ ಕೆಲವು ದಿನ ಸಮುದ್ರದ ಮೀನು, ಸಿಗಡಿ ತಿನ್ನಬೇಡಿ. ಅವುಗಳಲ್ಲಿರುವ ನಿರುಪದ್ರವಿ ರೂಪದ ಆರ್ಸೆನಿಕ್ ಫಲಿತಾಂಶವನ್ನು ಏರಿಸುತ್ತದೆ. ಪಿಎಂ 2.5ಕ್ಕೆ ದೇಹದಲ್ಲಿ ಅಳೆಯುವ ಪರೀಕ್ಷೆಯೇ ಇಲ್ಲ.

ಹೊರಹಾಕುವ ವಿಚಾರ. ದೇಹಕ್ಕೆ ತನ್ನದೇ ವೇಗವಿದೆ. ರಕ್ತದಲ್ಲಿನ ಸೀಸ ಅರ್ಧವಾಗಲು ಸುಮಾರು ಒಂದು ತಿಂಗಳು, ಮೂಳೆಯಲ್ಲಿನದಕ್ಕೆ ದಶಕಗಳು. ಮೂತ್ರಪಿಂಡದಲ್ಲಿ ಕೂತ ಕ್ಯಾಡ್ಮಿಯಂ ಎಂಬ ವಿಷಲೋಹ ಅರ್ಧವಾಗಲು 10ರಿಂದ 30 ವರ್ಷ. ದೇಹಶುದ್ಧಿ ಎಂದು ಮಾರುವ ಕಷಾಯ, ಪಾದಸ್ನಾನ, ಪುಡಿಗಳು ಈ ಲೆಕ್ಕವನ್ನು ಬದಲಿಸಿದ್ದಕ್ಕೆ ಪುರಾವೆಯಿಲ್ಲ. ಅಂಥ ಕೆಲವು ಪುಡಿಗಳಲ್ಲೇ ಸೀಸ ಇರುತ್ತದೆ. ಲೋಹವನ್ನು ಕಟ್ಟಿ ಹೊರತರುವ ಔಷಧಗಳು ನಿಜವಾಗಿಯೂ ಇವೆ. ತೀವ್ರ ವಿಷಪ್ರಾಶನದಲ್ಲಿ ಜೀವ ಉಳಿಸುತ್ತವೆ. ಆದರೆ ಅವು ದೇಹಕ್ಕೆ ಬೇಕಾದ ಖನಿಜಗಳನ್ನೂ ಎಳೆಯುತ್ತವೆ. ತಪ್ಪು ಔಷಧ ಕೊಟ್ಟು, ರಕ್ತದ ಕ್ಯಾಲ್ಸಿಯಂ ಕುಸಿದು ಮಕ್ಕಳು ಸತ್ತ ಪ್ರಕರಣಗಳಿವೆ. ಮೊದಲು ಈ ಔಷಧ ಕೊಟ್ಟು, ಆಮೇಲೆ ಮೂತ್ರದಲ್ಲಿ ಲೋಹ ಅಳೆದು, ನಿಮಗೆ ವಿಷವೇರಿದೆ ಎನ್ನುವವರಿಂದ ದೂರವಿರಿ. ಆ ಔಷಧ ತೆಗೆದುಕೊಂಡ ಯಾರ ಮೂತ್ರದಲ್ಲಾದರೂ ಲೋಹ ಹೆಚ್ಚೇ ಬರುತ್ತದೆ. ಮೂಲ ಹಾಗೇ ಇದ್ದು ಚಿಕಿತ್ಸೆ ಪಡೆದರೆ ಮಗು ಅದೇ ಮನೆಗೆ ಮರಳಿ ಅದೇ ದೂಳನ್ನು ಮತ್ತೆ ನುಂಗುತ್ತದೆ.

9. ಮನೆಯ ಹೊರಗಿನ ಮೂಲ

ಕಾರ್ಖಾನೆಯ ಹೊಗೆ, ಕಸಕ್ಕೆ ಹಚ್ಚಿದ ಬೆಂಕಿ, ಕಲುಷಿತ ಬಾವಿ ಇವು ಒಂದು ಮನೆಯ ಶಕ್ತಿ ಮೀರಿದವು. ಇಲ್ಲಿ ನೆರೆಯವರು ಜೊತೆಗೂಡಬೇಕು. ತುಂಬಾ ವಾಸನೆ, ಎಲ್ಲರಿಗೂ ಕೆಮ್ಮು ಎಂದಷ್ಟೇ ಬರೆದ ದೂರು ಕಡತದಲ್ಲೇ ಮಲಗುತ್ತದೆ. ದಿನಾಂಕ, ಹೊತ್ತು, ಗಾಳಿ ಬೀಸುತ್ತಿದ್ದ ದಿಕ್ಕು, ಛಾಯಾಚಿತ್ರ, ಎಷ್ಟು ಮನೆಗಳಲ್ಲಿ ಏನು ಕಾಣಿಸಿತು ಎಂಬ ಪಟ್ಟಿ, ನೀರಿನ ಪ್ರಯೋಗಾಲಯದ ವರದಿ ಇವೆಲ್ಲ ಇರಲಿ. ರೋಗಿಗಳ ಒಪ್ಪಿಗೆಯಿಲ್ಲದೆ ಅವರ ಹೆಸರು ಹಾಕಬೇಡಿ. ಮಾಲಿನ್ಯ ನಿಯಂತ್ರಣದ ಹೊಣೆ ಹೊತ್ತ ಇಲಾಖೆಗೂ ಆರೋಗ್ಯ ಇಲಾಖೆಗೂ ಒಂದೊಂದು ಪ್ರತಿ ಕೊಟ್ಟು, ಸ್ವೀಕೃತಿ ಪಡೆಯಿರಿ.

ಅಧಿಕಾರಿಗಳು ಅಳೆದು ಎಲ್ಲವೂ ಮಿತಿಯೊಳಗಿದೆ ಎಂದರೆ ನಾಲ್ಕು ವಿವರಗಳನ್ನು ಬರಹದಲ್ಲಿ ಕೇಳಿ: ಯಾವ ವಸ್ತುವನ್ನು ಅಳೆದರು, ಎಲ್ಲಿ ಮತ್ತು ಯಾವ ಹೊತ್ತಿನಲ್ಲಿ ಮಾದರಿ ತೆಗೆದರು, ಎಷ್ಟು ಗಂಟೆಯ ಸರಾಸರಿ, ಆ ಉಪಕರಣ ಗುರುತಿಸಬಲ್ಲ ಕನಿಷ್ಠ ಪ್ರಮಾಣ ಎಷ್ಟು. ರಾತ್ರಿ ಬಿಡುವ ಹೊಗೆಯನ್ನು ಮಧ್ಯಾಹ್ನ ಅಳೆದರೆ ಏನೂ ಸಿಗುವುದಿಲ್ಲ. ಸರಿಪಡಿಸಿದ್ದೇವೆ ಎಂದರೆ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಮತ್ತೊಮ್ಮೆ ಅಳೆಯುವಂತೆ ಒತ್ತಾಯಿಸಿ, ಎರಡೂ ವರದಿಗಳ ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.